ಗಾಜಿನ ತೊಟ್ಟಿಯೂ ಬಸವನಹುಳುವೂ



ಈಚೆಗೆ ಹಳೆಯ ವಿದ್ಯಾರ್ಥಿಯೊಬ್ಬರು ಮನೆಗೆ ಬಂದಿದ್ದಾಗ ತಮ್ಮ ಮನೆಯ ಪುಟ್ಟ ಮೀನುತೊಟ್ಟಿಯ ವಿಚಾರವೆತ್ತಿದರು. 2 ಅಡಿ ಉದ್ದ, ಒಂದೊಂದು ಅಡಿ ಅಗಲ ಮತ್ತು ಎತ್ತರದ ತೊಟ್ಟಿ. ಅದರಲ್ಲಿ ನೀಲಿ ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, 15 ಮೀನು. ಆದರೂ ನೀರು ಸದಾ ಮಬ್ಬು. ಹತ್ತು ದಿನಕ್ಕೊಂದು ಮೀನು ಸತ್ತು ತೇಲುತ್ತದೆ. "ಇನ್ನು ಯಾವ ಮೀನು ತಂದು ಬಿಟ್ಟರೆ ತೊಟ್ಟಿ ಚೆನ್ನಾಗಿ ಕಾಣುತ್ತದೆ ಸಾರ್?" ಎಂದು ಕೇಳಿದರು. ಆ ಕ್ಷಣಕ್ಕೆ ಏನೋ ಒಂದು ಉತ್ತರ ಹೇಳಿ ಕಳುಹಿಸಿದೆ. ಆದರೆ ಸರಿಯಾದ ಉತ್ತರ ಬೇಕಾದರೆ ಸುಮಾರು 175 ವರ್ಷ ಹಿಂದಕ್ಕೆ, ಲಂಡನ್ ನಗರಕ್ಕೆ ಹೋಗಬೇಕು. ಹಾಗೆ ಹೋಗಿ ಮರಳುವ ದಾರಿಯಲ್ಲಿ ನನ್ನದೇ ಒಂದು ಹಳೆಯ ತಪ್ಪೂ ಎದುರಾಗುತ್ತದೆ. ಅದನ್ನು ಕೊನೆಗೆ ನಿವೇದಿಸಿಕೊಳ್ಳುತ್ತೇನೆ.

ಮೀನು ಸಾಕುವ ಹವ್ಯಾಸ ಬಹು ಪುರಾತನವಾದುದು. ಚೀನಾದಲ್ಲಿ ಸಾವಿರ ವರ್ಷಗಳ ಹಿಂದೆಯೇ ಹೊನ್ನಮೀನುಗಳನ್ನು ಕೊಳಗಳಲ್ಲಿ ಸಾಕುತ್ತಿದ್ದರು. ಮುಂದೆ ಯುರೋಪಿನ ಮನೆಗಳಿಗೂ ಅವು ಬಂದವು. ಆದರೆ ಗಾಜಿನ ಬೋಗುಣಿಯೊಳಗಿನ ಮೀನು ಬದುಕಬೇಕಾದರೆ ನೀರನ್ನು ಪದೇ ಪದೇ ಬದಲಾಯಿಸಬೇಕಾಗಿತ್ತು. 1846ರಲ್ಲಿ ಅನ್ನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕೀ ಕಡಲತೀರದಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ತಂದಳು. ಅವುಗಳಿಗೆ ಗಾಳಿ ದೊರೆಯಲೆಂದು ತೆರೆದ ಕಿಟಕಿಯ ಮುಂದೆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವ ಕೆಲಸ ಮನೆಯ ಸೇವಕಿಯ ಪಾಲಿಗೆ ಬಂದಿತ್ತು! ನಿಂತ ನೀರು ತನ್ನನ್ನು ತಾನೇ ಶುದ್ಧವಾಗಿಟ್ಟುಕೊಳ್ಳುವ ಉಪಾಯ ಹೆಚ್ಚಿನವರಿಗೆ ತಿಳಿದಿರಲಿಲ್ಲ.

ಆ ಉಪಾಯದ ಬೀಜ ಮಾತ್ರ ಆಗಲೇ ಬಿತ್ತಲ್ಪಟ್ಟಿತ್ತು. ಉರಿಯುವ ದೀಪದಿಂದ ಕೆಟ್ಟ ಗಾಳಿಯನ್ನು ಪುದೀನ ಗಿಡವು ಪುನಃ ಶುದ್ಧಗೊಳಿಸುವುದನ್ನು ಜೋಸೆಫ್ ಪ್ರೀಸ್ಟ್ಲಿ 1771ರಲ್ಲಿ ಕಂಡಿದ್ದನು. ಅದಕ್ಕೆ ಸೂರ್ಯನ ಬೆಳಕು ಬೇಕೆಂದು 1779ರಲ್ಲಿ ಇಂಗೆನ್‌ಹೌಸ್ ತೋರಿಸಿದನು. ನೀವೆಲ್ಲರೂ ಬೀಕರಿನಲ್ಲಿ ಹೈಡ್ರಿಲ್ಲಾ ಇಟ್ಟು, ಮೇಲೆ ಗಾಜಿನ ಆಲಿಕೆಯನ್ನೂ ಪ್ರನಾಳವನ್ನೂ ಬೋರಲು ಹಾಕಿ ಗುಳ್ಳೆಗಳನ್ನು ಎಣಿಸಿದ್ದೀರಷ್ಟೆ, ಅದೇ ಪಾಠ.

ಈ ಪಾಠವನ್ನು ಮೀನಿನ ಪಾತ್ರೆಗೆ ಅನ್ವಯಿಸಿದವನು ರಾಬರ್ಟ್ ವಾರಿಂಗ್ಟನ್ ಎಂಬ ಲಂಡನ್ನಿನ ರಸಾಯನಶಾಸ್ತ್ರಜ್ಞ. 1849ರಲ್ಲಿ ಆತ 12 ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯೊಂದರಲ್ಲಿ ಮರಳು, ಕಲ್ಲು ಹಾಕಿ, ಒಂದು ವ್ಯಾಲಿಸ್ನೇರಿಯಾ ಗಿಡವನ್ನು ನೆಟ್ಟು, 2 ಪುಟ್ಟ ಹೊನ್ನಮೀನುಗಳನ್ನು ಬಿಟ್ಟನು. ಜಲಪರಾಗಸ್ಪರ್ಶದ ಪಾಠದಲ್ಲಿ ನೀವು ಓದಿದ ವ್ಯಾಲಿಸ್ನೇರಿಯಾವೇ ಇದು. ಮೊದಮೊದಲು ಎಲ್ಲವೂ ಸರಿಯಾಗಿತ್ತು. ಬಳಿಕ ಗಿಡದ ಹಳೆಯ ಎಲೆಗಳು ಕೊಳೆಯತೊಡಗಿದವು, ಗಾಜಿಗೆ ಹಸಿರು ಲೋಳೆ ಮೆತ್ತಿತು, ನೀರು ಕದಡಿತು. ಬೇರೆ ಯಾರಾದರೂ ಆಗಿದ್ದರೆ ಎಲ್ಲವನ್ನೂ ಚೆಲ್ಲಿ ತೊಳೆಯುತ್ತಿದ್ದರು. ವಾರಿಂಗ್ಟನ್ ಹಾಗೆ ಮಾಡಲಿಲ್ಲ. ಕೊಳದಲ್ಲಿ ಕೊಳೆತ ಎಲೆಯನ್ನು ತಿನ್ನುವವರು ಯಾರೆಂದು ಯೋಚಿಸಿ, ನಾಲ್ಕಾರು ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತದ್ದನ್ನೂ ಲೋಳೆಯನ್ನೂ ತಿಂದು ತೀರಿಸಿದವು. ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. ಮೀನಿನ ಮಲ ಗಿಡಕ್ಕೆ ಗೊಬ್ಬರವಾಯಿತು. ನೀರು ತಿಳಿಯಾಯಿತು. ಈ ಸಂಗತಿಯನ್ನು ಆತ 1850ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಗೆ ವರದಿ ಮಾಡಿದನು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. 12 ಗ್ಯಾಲನ್ ಎಂದರೆ ಸುಮಾರು 55 ಲೀಟರ್. ನಮ್ಮ ಶಿಷ್ಯರ ತೊಟ್ಟಿಯೂ ಹೆಚ್ಚುಕಡಿಮೆ ಅಷ್ಟೇ ನೀರು ಹಿಡಿಯುತ್ತದೆ. ವಾರಿಂಗ್ಟನ್ನನು ಅದರಲ್ಲಿ ಬಿಟ್ಟದ್ದು 2 ಮೀನು. ಇವರು ಬಿಟ್ಟದ್ದು 15!

ಮುಂದಿನ ಕಥೆ ವೇಗವಾಗಿ ಸಾಗಿತು. 1845ರಲ್ಲಿ ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿ ಗಾಜು ಅಗ್ಗವಾಗಿತ್ತು. ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞನು ಕಡಲ ಜೀವಿಗಳನ್ನು ಇದೇ ಬಗೆಯಲ್ಲಿ ಸಾಕುವ ವಿಧಾನವನ್ನು ಪ್ರಚಾರ ಮಾಡಿದನು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಲಯ ತೆರೆಯಿತು. 1854ರಲ್ಲಿ ಗಾಸ್ ಬರೆದ 'ದಿ ಅಕ್ವೇರಿಯಂ' ಎಂಬ ಸಚಿತ್ರ ಗ್ರಂಥದಿಂದ ಆ ಹೆಸರೂ ಮನೆಮಾತಾಯಿತು. ಅನುಕೂಲಸ್ಥರ ಮನೆಯ ಹಜಾರಗಳಲ್ಲೆಲ್ಲ ಗಾಜಿನ ತೊಟ್ಟಿಗಳು ಕಾಣಿಸಿಕೊಂಡವು. ಜನರು ರೈಲು ಹತ್ತಿ ಕಡಲತೀರಕ್ಕೆ ಹೋಗಿ, ಬಂಡೆಯ ಸಂದುಗಳಲ್ಲಿದ್ದ ಜೀವಿಗಳನ್ನು ಕಿತ್ತು ತಂದು ತುಂಬಿದರು. ಅತಿ ಆಸೆ ಗತಿ ಕೇಡು. ಮನೆಯ ತೊಟ್ಟಿಗಳಲ್ಲಿ ಬಹಳಷ್ಟು ಜೀವಿಗಳು ಸತ್ತು ನಾರಿದವು. ಹತ್ತಾರು ವರ್ಷಗಳಲ್ಲಿ ಆ ಹುಚ್ಚು ತಣ್ಣಗಾಯಿತು. ಆದರೆ ಅಷ್ಟರಲ್ಲಿ ಕಡಲತೀರದ ಕೊಳಗಳೂ ಬರಿದಾಗಿದ್ದವು. ಗಾಸ್‌ನ ಮಗ ಎಡ್ಮಂಡ್ 1907ರಲ್ಲಿ ಪ್ರಕಟಿಸಿದ 'ಫಾದರ್ ಅಂಡ್ ಸನ್' ಎಂಬ ಕೃತಿಯಲ್ಲಿ, ತಂದೆಯ ಗ್ರಂಥಗಳೇ ಈ ಹಾಳಿಗೆ ದಾರಿ ತೋರಿದ ದುಃಖವನ್ನು ಬರೆದಿದ್ದಾನೆ.

ಇದು ಪರದೇಶದ ಹಳೆಯ ಮಾತೆನ್ನುವಂತಿಲ್ಲ. ಕೇರಳ ಮತ್ತು ದಕ್ಷಿಣ ಕರ್ನಾಟಕದ ಪಶ್ಚಿಮಘಟ್ಟದ ತೊರೆಗಳಲ್ಲಿ, ಮೈಮೇಲೆ ಕೆಂಪು ಪಟ್ಟಿಯುಳ್ಳ ಸುಂದರ ಮೀನೊಂದಿದೆ. ವ್ಯಾಪಾರಿಗಳು ಅದನ್ನು 'ಮಿಸ್ ಕೇರಳ' ಎನ್ನುತ್ತಾರೆ. 1865ರಲ್ಲಿ ಫ್ರಾನ್ಸಿಸ್ ಡೇ ಅದನ್ನು ವರ್ಣಿಸಿದ್ದನು. ಅಕ್ವೇರಿಯಂ ವ್ಯಾಪಾರಕ್ಕಾಗಿ ವಿಪರೀತವಾಗಿ ಹಿಡಿದದ್ದೂ ಒಂದು ಕಾರಣವಾಗಿ ಅದು ಅಳಿವಿನಂಚಿನ ಪಟ್ಟಿಗೆ ಸೇರಿದೆ.

ಅಂದಿನ ತೊಟ್ಟಿಗಳು ಸೋತದ್ದಕ್ಕೆ ಇನ್ನೊಂದು ಕಾರಣವಿತ್ತು. ವಾರಿಂಗ್ಟನ್ನನ ತಿಳಿವಳಿಕೆ ಅರ್ಧ ಮಾತ್ರ ಸರಿಯಾಗಿತ್ತು. ಮೀನಿಗೆ ಬೇಕಾದ ಆಮ್ಲಜನಕ ಗಿಡದಿಂದಷ್ಟೇ ಅಲ್ಲ, ನೀರಿನ ಮೇಲ್ಮೈಯ ಮೂಲಕವೂ ಬರುತ್ತದೆ. ಮೀನು ವಿಸರ್ಜಿಸುವ ಅಮೋನಿಯಾ ಅದಕ್ಕೇ ವಿಷ. ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವವು ಕಲ್ಲಿಗೂ ಗಾಜಿಗೂ ಅಂಟಿಕೊಂಡಿರುವ ಸೂಕ್ಷ್ಮಜೀವಿಗಳು. ಈ ನೈಟ್ರೀಕರಣವು ಎರಡು ಹಂತಗಳಲ್ಲಿ, ಎರಡು ಬಗೆಯ ಜೀವಿಗಳಿಂದ ನಡೆಯುತ್ತದೆಂದು ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣನ್ನು ಪರೀಕ್ಷಿಸುತ್ತ ಕಂಡುಕೊಂಡವನು ಯಾರು ಗೊತ್ತೆ? ರಾಬರ್ಟ್ ವಾರಿಂಗ್ಟನ್. ತಂದೆಯಲ್ಲ, ಅದೇ ಹೆಸರಿನ ಮಗ! ತಂದೆ ಗಾಜಿನ ಪಾತ್ರೆಗೆ ಬಸವನಹುಳು ಬಿಟ್ಟಾಗ ಆತ ಹತ್ತು ಹನ್ನೊಂದು ವರ್ಷದ ಬಾಲಕ. ಆ ಜೀವಿಗಳನ್ನು ಪ್ರತ್ಯೇಕಿಸುವ ಪ್ರಯತ್ನದಲ್ಲಿ ಆತ ಸೋತನು. 1890ರಲ್ಲಿ ವಿನೊಗ್ರಾಡ್‌ಸ್ಕಿ ಗೆದ್ದನು. ತಂದೆ ಬಿಟ್ಟ ಪ್ರಶ್ನೆಗೆ ಮಗ ಮಣ್ಣಿನಲ್ಲಿ ಉತ್ತರ ಹುಡುಕಿದನೆನ್ನಬಹುದು.

ಈಗ ನನ್ನ ತಪ್ಪಿನ ಮಾತು. ನಮ್ಮ ಶಾಲೆಯ ಪ್ರಯೋಗಾಲಯದ ಕಿಟಕಿಯ ಬಳಿ ಒಂದು ಮೀನುತೊಟ್ಟಿ ಇದ್ದುದು ಕೆಲವರಿಗಾದರೂ ನೆನಪಿರಬಹುದು. ಪ್ರತಿ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮೀನುಗಳನ್ನು ಬಕೆಟ್ಟಿಗೆ ಹಾಕಿ, ನೀರನ್ನೆಲ್ಲ ಚೆಲ್ಲಿ, ಕಲ್ಲನ್ನೂ ಗಾಜನ್ನೂ ತೆಂಗಿನ ನಾರಿನಿಂದ ತಿಕ್ಕಿಸಿ, ನಲ್ಲಿಯ ಹೊಸ ನೀರು ತುಂಬಿಸುತ್ತಿದ್ದೆ. ಮುಂದಿನ ವಾರದ ನಡುವೆ ಒಂದೆರಡು ಮೀನು ಸಾಯುತ್ತಿದ್ದವು. ಮೀನಿಗೆ ಆಹಾರ ಹಾಕುವ ಹೊಣೆ ಹೊತ್ತಿದ್ದ ಬಾಲಕನನ್ನು, ಅತಿಯಾಗಿ ಹಾಕಿ ಕೊಂದೆಯೆಂದು ಇಡೀ ತರಗತಿಯ ಮುಂದೆ ಗದರಿಸಿ, ಆ ಕೆಲಸದಿಂದ ಬಿಡಿಸಿದೆ. ಅವನು ಎದುರಾಡಲಿಲ್ಲ. ಮತ್ತೆಂದೂ ತೊಟ್ಟಿಯ ಬಳಿ ಬರಲೂ ಇಲ್ಲ. ಅವನು ಹೋದ ಮೇಲೂ ಮೀನುಗಳು ಸಾಯುತ್ತಲೇ ಇದ್ದವು.

ನಾವು ವಾರವಾರ ತಿಕ್ಕಿ ತೆಗೆಯುತ್ತಿದ್ದುದು ಕೊಳೆಯನ್ನಲ್ಲ, ಆ ಸೂಕ್ಷ್ಮಜೀವಿಗಳನ್ನು. ಉಳಿದವನ್ನು ನಲ್ಲಿ ನೀರಿನ ಕ್ಲೋರಿನ್ ಕೊಲ್ಲುತ್ತಿತ್ತು. ಅದೇ ಕೋಣೆಯ ಕಪ್ಪುಹಲಗೆಯ ಮೇಲೆ ಪ್ರತಿವರ್ಷ ಸಾರಜನಕ ಚಕ್ರದ ಚಿತ್ರ ಬಿಡಿಸುತ್ತಿದ್ದ ನನಗೆ, ನಾಲ್ಕು ಮಾರು ದೂರದ ತೊಟ್ಟಿಯಲ್ಲಿ ಅದೇ ಚಕ್ರ ತಿರುಗಬೇಕೆಂಬುದು ಹೊಳೆಯಲಿಲ್ಲ. ಆ ವಿದ್ಯಾರ್ಥಿ ಇದನ್ನು ಓದಿದರೆ, ತಪ್ಪು ನಿನ್ನದಲ್ಲ ಮಗೂ, ನನ್ನದು.

ಇನ್ನು ಶಿಷ್ಯರ ಪ್ರಶ್ನೆಗೆ ಉತ್ತರ. ತೊಟ್ಟಿ ಚೆನ್ನಾಗಿ ಕಾಣಬೇಕಾದರೆ ಹೊಸ ಮೀನು ಸೇರಿಸುವುದು ಬೇಡ. ಸಾಧ್ಯವಾದರೆ ಅರ್ಧದಷ್ಟನ್ನು ದೊಡ್ಡ ತೊಟ್ಟಿಯಿರುವವರಿಗೆ ಕೊಟ್ಟುಬಿಡಿ. ಊರ ಕೆರೆಗೆ ಮಾತ್ರ ಬಿಡಬೇಡಿ, ಅಲ್ಲಿನ ಮೀನುಗಳಿಗೆ ಅಪಾಯ. ಬಣ್ಣದ ಕಲ್ಲಿನ ಬದಲು ಮರಳನ್ನು ಹಿಂದಕ್ಕೆ ಎತ್ತರವಾಗಿ, ಮುಂದಕ್ಕೆ ಇಳಿಜಾರಾಗಿ ಹರಡಿ. ಹಿಂಬದಿಗೆ ವ್ಯಾಲಿಸ್ನೇರಿಯಾ ನೆಡಿ. ನಡುವಿನಿಂದ ತುಸು ಪಕ್ಕಕ್ಕೆ ಒಂದೇ ಒಂದು ದೊಡ್ಡ ಕಲ್ಲಿಡಿ. ವಾರಕ್ಕೊಮ್ಮೆ ಕಾಲು ಭಾಗದಷ್ಟು ನೀರನ್ನು ಮಾತ್ರ ಕ್ಲೋರಿನ್ ಹೋಗಲಾಡಿಸಿದ ನೀರಿನಿಂದ ಬದಲಿಸಿ. ಸೋಸುಕದ ಸ್ಪಂಜನ್ನು ನಲ್ಲಿಯ ಕೆಳಗಲ್ಲ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಗಾಜಿನ ಮೇಲೆ ಸ್ವಲ್ಪ ಹಸಿರು ಕಂಡರೆ ಗಾಬರಿ ಬೇಡ. ಎರಡು ಬಸವನಹುಳುಗಳಿಗೆ ಅದು ಊಟವಾದೀತು.

ಎಲ್ಲರಿಗೂ ಶುಭವಾಗಲಿ.