ಟೆಂಡರ್ ಪೆಟ್ಟಿಗೆ ಇಲ್ಲವಾದ ಬಗೆ

ಕರ್ನಾಟಕದಲ್ಲಿ ಸರ್ಕಾರಿ ಟೆಂಡರ್ ಎಂದರೆ ಬಹುಕಾಲ ಕಾಗದ, ಅರಗು ಮತ್ತು ಬೀಗ ಹಾಕಿದ ಒಂದು ಪೆಟ್ಟಿಗೆ. ಗುತ್ತಿಗೆದಾರ ಕಚೇರಿಗೆ ಹೋಗಿ ಹಣ ಕಟ್ಟಿ ಟೆಂಡರ್ ಫಾರಂ ಪಡೆಯಬೇಕಿತ್ತು. ದರ ತುಂಬಿ, ಇ.ಎಂ.ಡಿ. ಎಂಬ ಮುಂಗಡ ಭದ್ರತಾ ಠೇವಣಿಯ ಡಿ.ಡಿ. ಲಗತ್ತಿಸಿ, ಲಕೋಟೆಗೆ ಅರಗಿನ ಮುದ್ರೆ ಒತ್ತಿ, ಗಡುವಿನೊಳಗೆ ಅದನ್ನು ಪೆಟ್ಟಿಗೆಗೆ ಹಾಕಬೇಕಿತ್ತು. ಈ ಪದ್ಧತಿಯ ದೌರ್ಬಲ್ಯವೆಲ್ಲ ಕಚೇರಿಯ ಬಾಗಿಲಲ್ಲೇ ಇತ್ತು. ಫಾರಂ ಮುಗಿದಿದೆ ಎಂದು ಗುಮಾಸ್ತ ಹೇಳಿದರೆ ಅಲ್ಲಿಗೆ ಮುಗಿಯಿತು. ಯಾರು ಯಾರು ಫಾರಂ ಕೊಂಡರೆಂಬುದು ಪ್ರತಿಸ್ಪರ್ಧಿಗಳಿಗೆ ತಿಳಿಯುತ್ತಿತ್ತು, ತಿಳಿದವರು ಕೂತು ದರ ಹೊಂದಿಸಿಕೊಳ್ಳುತ್ತಿದ್ದರು. ಹೊಂದಿಕೆಗೆ ಒಪ್ಪದವನನ್ನು ಪೆಟ್ಟಿಗೆಯ ಬಳಿಯೇ ತಡೆಯುವುದೂ ಕಷ್ಟವಿರಲಿಲ್ಲ.

ಮೊದಲ ತಿದ್ದುಪಡಿ ಬಂದದ್ದು ಕಾನೂನಿನಿಂದ, ಕಂಪ್ಯೂಟರ್‌ನಿಂದಲ್ಲ. ತಮಿಳುನಾಡು 1998ರಲ್ಲಿ ಟೆಂಡರ್ ಪಾರದರ್ಶಕತೆಗೆ ಕಾಯ್ದೆ ಮಾಡಿತು. ಅದರ ಬೆನ್ನಲ್ಲೇ ಬಂದ ಕರ್ನಾಟಕದ 1999ರ ಕಾಯ್ದೆ 2000ದಲ್ಲಿ ಜಾರಿಯಾಯಿತು. ಕಚೇರಿಗಳಲ್ಲಿ ಅದಕ್ಕೆ ‘ಕೆ.ಟಿ.ಪಿ.ಪಿ. ಕಾಯ್ದೆ’ ಎಂದೇ ಹೆಸರು. ಟೆಂಡರ್ ಬುಲೆಟಿನ್‌ನಲ್ಲಿ ಪ್ರಕಟಣೆ ಕಡ್ಡಾಯವಾಯಿತು. 2 ಕೋಟಿ ರೂಪಾಯಿವರೆಗಿನ ಟೆಂಡರ್‌ಗೆ ಕನಿಷ್ಠ 30 ದಿನ, ಅದಕ್ಕೆ ಮೇಲ್ಪಟ್ಟದ್ದಕ್ಕೆ 60 ದಿನ ಕಾಲಾವಕಾಶ ಕೊಡಬೇಕೆಂದು ಮೂಲ ನಿಯಮಗಳು ವಿಧಿಸಿದವು. ಟೆಂಡರ್ ಯಾರಿಗೆ, ಯಾವ ಕಾರಣಕ್ಕೆ ಸಿಕ್ಕಿತೆಂದು ಬರೆದಿಡುವ, ಒಪ್ಪದವನು ಮೇಲ್ಮನವಿ ಹೋಗುವ ದಾರಿಯೂ ತೆರೆಯಿತು. ಅದೇ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟದ್ದು ಮುಂದಿನ ಬದಲಾವಣೆಗೆ ನೆಲ ಹದ ಮಾಡಿತು.

ಇ-ಖರೀದಿಯಲ್ಲಿ ಮೊದಲ ದೊಡ್ಡ ಹೆಜ್ಜೆ ಇಟ್ಟದ್ದು ಆಂಧ್ರಪ್ರದೇಶ, 2003ರಲ್ಲಿ. ಕರ್ನಾಟಕ 2007ರಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ತನ್ನ ಇ-ಪ್ರೊಕ್ಯೂರ್‌ಮೆಂಟ್ ವೇದಿಕೆಯನ್ನು ಆರಂಭಿಸಿತು. ಇಲಾಖೆಗಳು, ನಿಗಮಗಳು ಹಂತಹಂತವಾಗಿ ಅದಕ್ಕೆ ಸೇರಿದವು. ಟೆಂಡರ್ ದಾಖಲೆ ಈಗ ಯಾರು ಬೇಕಾದರೂ ನೋಡುವಂತಾಯಿತು. ಗುತ್ತಿಗೆದಾರ ಡಿಜಿಟಲ್ ಸಹಿ ಹಾಕಿ ತನ್ನ ಊರಿನಿಂದಲೇ ದರ ಸಲ್ಲಿಸಿದ, ಠೇವಣಿಯನ್ನು ಬ್ಯಾಂಕ್ ಮೂಲಕ ಕಟ್ಟಿದ. ಸಲ್ಲಿಸಿದ ದರ ಗೂಢಲಿಪಿಯಲ್ಲಿದ್ದು, ಅಧಿಕಾರಿಗಳು ನಿಗದಿತ ವೇಳೆಗೆ ತೆರೆಯುವವರೆಗೆ ಓದಲು ಸಿಗದು. ಎರಡು ಲಕೋಟೆಯ ಹಳೆಯ ಪದ್ಧತಿ ಇಲ್ಲಿಯೂ ಉಳಿಯಿತು: ತಾಂತ್ರಿಕ ಅರ್ಹತೆಯಲ್ಲಿ ತೇರ್ಗಡೆಯಾದವರ ದರವನ್ನು ಮಾತ್ರ ತೆರೆಯಲಾಗುತ್ತದೆ. ರಾಯಚೂರಿನ ಗುತ್ತಿಗೆದಾರ ಬೆಂಗಳೂರಿನ ಕಾಮಗಾರಿಗೆ ಪೈಪೋಟಿ ನಡೆಸಲು ಬಸ್ಸು ಹತ್ತಬೇಕಿಲ್ಲ, ಪೆಟ್ಟಿಗೆಯ ಬಳಿ ಅವನನ್ನು ಹೆದರಿಸಲು ಪೆಟ್ಟಿಗೆಯೇ ಇಲ್ಲ. ಈ ಸುಧಾರಣೆಯ ನಿಜವಾದ ಗಳಿಕೆ ಇದೇ. ಕಾಗದ ಉಳಿದದ್ದು ಸಣ್ಣ ಮಾತು.

ಕೇಂದ್ರ ಸರ್ಕಾರದಲ್ಲಿ ಬದಲಾವಣೆ ಬೇರೆ ರೂಪ ತಾಳಿತು. 2016ರ ಆಗಸ್ಟ್‌ನಲ್ಲಿ ‘ಜೆಮ್’ ಎಂಬ ಸರ್ಕಾರಿ ಇ-ಮಾರುಕಟ್ಟೆ ಶುರುವಾಯಿತು. ಕುರ್ಚಿ, ಪ್ರಿಂಟರ್, ವಾಹನ ಮುಂತಾದ ಸಾಮಾನ್ಯ ವಸ್ತುಗಳಿಗೆ ಅದೇ ಅಂಗಡಿ. 1922ರ ಇಂಡಿಯನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್‌ನ ಪರಂಪರೆಯಲ್ಲಿ ಬೆಳೆದು, ದರ ಗುತ್ತಿಗೆಗಳ ಮೂಲಕ ಇಡೀ ದೇಶದ ಕಚೇರಿಗಳಿಗೆ ಸಾಮಾನು ಒದಗಿಸುತ್ತಿದ್ದ ಪೂರೈಕೆ ಮತ್ತು ವಿಲೇವಾರಿ ಮಹಾನಿರ್ದೇಶನಾಲಯ ಜೆಮ್‌ಗೆ ಜಾಗ ಬಿಟ್ಟು 2017ರ ಅಕ್ಟೋಬರ್ 31ಕ್ಕೆ ಮುಚ್ಚಿತು.

ಹೊಸ ವ್ಯವಸ್ಥೆಗೆ ಹೊಸ ಬಗೆಯ ಕನ್ನವೂ ಬಂತು. 2019ರಲ್ಲಿ ಕರ್ನಾಟಕದ ವೇದಿಕೆಗೆ ಹ್ಯಾಕರ್‌ಗಳು ನುಗ್ಗಿ, ಇ.ಎಂ.ಡಿ. ಹಣದಲ್ಲಿ 11 ಕೋಟಿ ರೂಪಾಯಿಗೂ ಹೆಚ್ಚನ್ನು ಬೇರೆ ಖಾತೆಗಳಿಗೆ ತಿರುಗಿಸಿದರು. ತನಿಖೆಯನ್ನು ಸಿ.ಐ.ಡಿ. ನಡೆಸಿತು. ಮುಂದೆ ಹಳೆಯ ವೇದಿಕೆಯ ಜಾಗಕ್ಕೆ ‘ಕೆ.ಪಿ.ಪಿ.ಪಿ.’ ಎಂಬ ಹೊಸ ಪೋರ್ಟಲ್ ಬಂತು.

ಯಂತ್ರದ ಕೈ ಎಟುಕದ ಜಾಗಗಳೂ ಇವೆ. ಟೆಂಡರ್‌ನ ಷರತ್ತುಗಳನ್ನು ಬರೆಯುವವರು ಮನುಷ್ಯರೇ. ವಹಿವಾಟಿನ ಮೊತ್ತ, ಅನುಭವದ ವರ್ಷ, ಯಂತ್ರೋಪಕರಣಗಳ ಪಟ್ಟಿಯನ್ನು ಒಬ್ಬನ ಅಳತೆಗೆ ಹೊಲಿದರೆ ಪೋರ್ಟಲ್ ಅದನ್ನು ಹಾಗೆಯೇ ಪ್ರಕಟಿಸುತ್ತದೆ. ಬೇರೆ ಬೇರೆ ಹೆಸರಿನಲ್ಲಿ ಬಂದ ದರಗಳು ಒಂದೇ ಕೂಟದವೋ ಎಂದು ಪತ್ತೆ ಹಚ್ಚಲು ದಾಖಲೆಗಳನ್ನು ತಾಳೆ ನೋಡುವವರು ಬೇಕು. ಎಲ್ಲಕ್ಕಿಂತ ದೊಡ್ಡದು ಕಾಯ್ದೆಯೊಳಗೇ ಇರುವ ಕಲಂ 4(ಜಿ). ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಖರೀದಿಗೆ ಈ ಕಲಮಿನಡಿ ವಿನಾಯಿತಿ ಕೊಟ್ಟರೆ, ಪೈಪೋಟಿಯ ಟೆಂಡರ್ ಕರೆಯದೆಯೇ ಕೆಲಸವನ್ನು ಒಬ್ಬರಿಗೆ ವಹಿಸಬಹುದು.