ಗಾಳಿ ಬೇಕಾದ ಬ್ರೇಕು, ಗಾಳಿ ಬೇಡದ ಬ್ರೇಕು

ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಸಿಕಂದರಾಬಾದಿಗೆ ಹೋಗುವ ನಿಜಾಮರ ರೈಲುಮಾರ್ಗ ತೆರೆದದ್ದು 1874ರಲ್ಲಿ. ಮುಂದೆ ದಶಕಗಳ ಕಾಲ ಭಾರತದ ರೈಲುಗಳನ್ನು ನಿಲ್ಲಿಸಿದ್ದು ನಿರ್ವಾತ ಬ್ರೇಕು. ಕೊಳವೆಯೊಳಗೆ ಹೊರಗಿನ ಗಾಳಿ ನುಗ್ಗಿದರೆ ಸಾಕು, ಗಾಲಿ ಬಿಗಿಯುತ್ತಿತ್ತು. ಕೊಂಡಿ ಕಳಚಿದರೂ ಅಷ್ಟೇ.

ರಸ್ತೆಯ ಗಾಡಿಗಳ ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದ ಬ್ರೇಕಿಗೆ ಅದೇ ಗಾಳಿ ವೈರಿ.

ಅಮೆರಿಕದ ಮಾಲ್ಕಂ ಲಾಕ್‌ಹೀಡ್ ರೂಪಿಸಿದ ಈ ಏರ್ಪಾಡು 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಗಾಲಿಗೆ ಬಂತು. ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನಲ್ಲೂ ಇದೇ ಇತ್ತು. ಸ್ವಾತಂತ್ರ್ಯದ ನಂತರ ಮಹೀಂದ್ರಾ ಕಂಪನಿ ಆ ಜೀಪುಗಳನ್ನು ನಮ್ಮಲ್ಲೇ ಜೋಡಿಸಿ ಮಾರಿತು. ಎಣ್ಣೆ ಕುಗ್ಗದು, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಗುಳ್ಳೆ ಸೇರಿದರೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ಶಹಾಬಾದಿನ ಫರಸಿ ಕಲ್ಲು ಹೇರಿದ ಗಾಡಿಯಲ್ಲಿ ಹೀಗಾದರೆ ಗತಿಯೇನು!

ಮದ್ದು ಹಳೆಯದೇ, ಇಬ್ಬರ ಕೆಲಸ. ಒಬ್ಬ ಪೆಡಲ್ ತುಳಿದು ಹಿಡಿಯುತ್ತಾನೆ. ಇನ್ನೊಬ್ಬ ಗಾಲಿಯ ಹಿಂದಿನ ನಿಪ್ಪಲ್ ಸಡಿಲಿಸಿ ನೊರೆಯೆಣ್ಣೆಯನ್ನು ಬಾಟಲಿಗೆ ಬಿಡುತ್ತಾನೆ. ನಿಪ್ಪಲ್ ಬಿಗಿದ ಮೇಲೆಯೇ ಕಾಲು ತೆಗೆಯಬೇಕು, ಇಲ್ಲವೇ ಗಾಳಿ ಮತ್ತೆ ಒಳಗೆ. ಸಾಮಾನ್ಯವಾಗಿ, ಪೆಡಲ್ ತುಳಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಗಾಲಿ ಮೊದಲು. ಚಾಸಿ ಉದ್ದ ಮಾಡಿಸಿದ ಗಾಡಿಗೆ ಪೈಪೂ ಉದ್ದ, ಹೊತ್ತೂ ಹೆಚ್ಚು. ಮಾಸ್ಟರ್ ಸಿಲಿಂಡರಿನ ಮೇಲಿನ ಡಬ್ಬಿಯಲ್ಲಿ ಎಣ್ಣೆ ಬತ್ತಿತೋ, ಎಲ್ಲವೂ ಮೊದಲಿಂದ.