ಮಡಚಿದರೆ ಮುರಿಯುವ ಕಾಗದ

ಜುಲೈ 1 ಬಂತೆಂದರೆ ನಮ್ಮಲ್ಲಿ ಪತ್ರಿಕಾ ದಿನಾಚರಣೆ. 1843ರಲ್ಲಿ ಅದೇ ದಿನ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು ಅಂತ ಭಾಷಣಗಳಲ್ಲಿ ಕೇಳಿಯೇ ಇರುತ್ತೀರಿ. ನನಗೆ ಮಾತ್ರ ಆ ದಿನ ಒಂದು ಗ್ರಂಥಾಲಯದ ಮೇಜು ನೆನಪಾಗುತ್ತದೆ.

ಕೆಲವು ವರ್ಷಗಳ ಹಿಂದೆ 1956ರ ನವೆಂಬರ್ ತಿಂಗಳ ಕನ್ನಡ ಪತ್ರಿಕೆಯೊಂದನ್ನು ನೋಡಬೇಕಿತ್ತು. ರಾಜ್ಯ ಒಂದಾದ ದಿನ ಸಣ್ಣ ಊರುಗಳಲ್ಲಿ ಏನೇನು ನಡೆಯಿತು ಅನ್ನುವ ಕುತೂಹಲ, ಅಷ್ಟೇ. ಹಳೆಯದೊಂದು ಗ್ರಂಥಾಲಯದಲ್ಲಿ (ಹೆಸರು ಬೇಡ ಬಿಡಿ) ಅಟೆಂಡರ್ ಸುತಲಿ ಕಟ್ಟಿದ ಬೈಂಡು ತಂದಿಟ್ಟರು. "ನಿಧಾನ ಸಾರ್, ಮುಟ್ಟಿದ್ರೆ ಉದುರುತ್ತೆ" ಅಂದರು. ನಿಧಾನವಾಗಿಯೇ ತೆರೆದೆ. ಆದರೂ ಅಂಚುಗಳು ಹಪ್ಪಳದ ಹಾಗೆ ಪುಡಿಯಾದವು. ಒಂದು ಗಂಟೆ ಓದಿ ಏಳುವಾಗ ಮೇಜಿನ ತುಂಬ ಕಂದು ಚೂರು. ಅವರು ಪೊರಕೆ ತಂದು ಎಲ್ಲವನ್ನೂ ಗುಡಿಸಿ ಬುಟ್ಟಿಗೆ ಹಾಕಿದರು. ಯಾವ ಊರಿನ ಎಷ್ಟು ಸುದ್ದಿ ಆ ಬುಟ್ಟಿಗೆ ಹೋಯಿತೋ! ಅದರಲ್ಲಿ ನನ್ನ ಪಾಲೂ ಇತ್ತಲ್ಲ ಅಂತ ಬಹಳ ದಿನ ಕಸಿವಿಸಿಯಾಯಿತು.

ಇದಕ್ಕೆ ಕಾರಣ ಕಾಗದದ ಒಳಗೇ ಇದೆ. ಹತ್ತೊಂಬತ್ತನೇ ಶತಮಾನದ ನಡುವಿನ ತನಕ ಅಚ್ಚಿನ ಕಾಗದ ತಯಾರಾಗುತ್ತಿದ್ದದ್ದು ಹೆಚ್ಚಾಗಿ ಹಳೇ ಬಟ್ಟೆಯ ಚಿಂದಿಯಿಂದ. ಆಮೇಲೆ ಅಗ್ಗದ ಮರದ ತಿರುಳು ಬಂತು. ಮರದಲ್ಲಿರುವ ಲಿಗ್ನಿನ್ ಗಾಳಿ ಬೆಳಕಿಗೆ ಹಳದಿಯಾಗುತ್ತದೆ, ಜೊತೆಗಿರುವ ಆಮ್ಲ ನಾರನ್ನೇ ಕತ್ತರಿಸುತ್ತಾ ಹೋಗುತ್ತದೆ. ಹಾಗಾಗಿ ಚಿಂದಿ ಕಾಗದದ ಹಳೇ ಹಾಳೆ ಗಟ್ಟಿಯಾಗಿರುವಾಗ, ಅದಕ್ಕಿಂತ ನೂರು ವರ್ಷ ಚಿಕ್ಕದಾದ ದಿನಪತ್ರಿಕೆ ಪುಡಿಯಾಗುವ ವಿಚಿತ್ರವೂ ಉಂಟು. ನಮ್ಮ ಸೆಕೆ, ಮಳೆಗಾಲ, ಗೆದ್ದಲು ಇದ್ದೇ ಇವೆ.

ಅಮೆರಿಕದ ಗ್ರಂಥಾಲಯಗಳು ಇದಕ್ಕೆ ಕಂಡುಕೊಂಡ ಪರಿಹಾರ ಮೈಕ್ರೋಫಿಲ್ಮ್. ಪತ್ರಿಕೆಯ ಫೋಟೋ ತೆಗೆದು, ಮೂಲವನ್ನು ಮಾರುವುದು ಅಥವಾ ಎಸೆಯುವುದು. ಜಾಗವೂ ಉಳಿಯಿತು. ಕಾಗದ ಎಷ್ಟು ಹಾಳಾಗಿದೆ ಅಂತ ತಿಳಿಯಲು ಪುಟದ ಮೂಲೆಯನ್ನು ಹಿಂದೆ ಮುಂದೆ ಮಡಚಿ ನೋಡುತ್ತಿದ್ದರು. ಕೆಲವೇ ಸಲಕ್ಕೆ ಮುರಿದರೆ ಅದರ ಕಥೆ ಮುಗಿಯಿತು. ಕಾದಂಬರಿಕಾರ ನಿಕೋಲ್ಸನ್ ಬೇಕರ್ ಈ ಪರೀಕ್ಷೆಯ ಹೆಸರನ್ನೇ ಇಟ್ಟು 2001ರಲ್ಲಿ 'ಡಬಲ್ ಫೋಲ್ಡ್' ಎಂಬ ಪುಸ್ತಕ ಬರೆದ. ಪುಟವನ್ನು ಓದುವವರು ತಿರುಗಿಸುತ್ತಾರೆ, ಮೂಲೆ ಹಿಡಿದು ಮಡಚುತ್ತಾ ಕೂರುವವರು ಯಾರು ಅನ್ನುವುದು ಅವನ ತಕರಾರು. ನ್ಯಾಯವಾದ ಪ್ರಶ್ನೆಯೇ!

ಪುಸ್ತಕಕ್ಕಿಂತ ನನಗೆ ಹಿಡಿಸಿದ್ದು ಅವನು ಮಾಡಿದ ಕೆಲಸ. ಲಂಡನ್ನಿನ ಕಾಲಿಂಡೇಲ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಪತ್ರಿಕಾ ಭಂಡಾರ ಇತ್ತು. 1940ರ ಅಕ್ಟೋಬರಿನಲ್ಲಿ ಅದರ ಮೇಲೆ ಜರ್ಮನ್ ಬಾಂಬು ಬಿದ್ದು ಸಾವಿರಾರು ಸಂಪುಟ ಹೋದವು. ಬಾಂಬಿಗೂ ಉಳಿದುಕೊಂಡಿದ್ದ ಅಮೆರಿಕನ್ ಪತ್ರಿಕೆಗಳ ಸಾಲನ್ನು 1999ರಲ್ಲಿ ಲೈಬ್ರರಿಯೇ ಮಾರಾಟಕ್ಕಿಟ್ಟಿತು. ಬೇಕರ್ ಮತ್ತು ಅವನ ಹೆಂಡತಿ ಮಾರ್ಗರೆಟ್ ಬ್ರೆಂಟಾನೊ ನಿವೃತ್ತಿಗೆ ಅಂತ ಕೂಡಿಟ್ಟ ಹಣ ತೆಗೆದು ಕೊಂಡುಕೊಂಡರು. ನ್ಯೂಹ್ಯಾಂಪ್‌ಶೈರಿನ ಹಳೇ ಗಿರಣಿ ಕಟ್ಟಡದಲ್ಲಿ ಇಟ್ಟು ಕಾಪಾಡಿ, 2004ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಅದರಲ್ಲಿ ಪುಲಿಟ್ಜರನ 'ನ್ಯೂಯಾರ್ಕ್ ವರ್ಲ್ಡ್' ಇತ್ತು. ಅದರ ಭಾನುವಾರದ ಪುರವಣಿಯ ಬಣ್ಣದ ಚಿತ್ರಗಳು ಮೈಕ್ರೋಫಿಲ್ಮಿನಲ್ಲಿ ಬರೀ ಕಪ್ಪು ಬಿಳುಪು.

ಬ್ರಿಟಿಷ್ ಲೈಬ್ರರಿಯನ್ನು ಬರೀ ಬೈದರೆ ತಪ್ಪಾಗುತ್ತದೆ. ಕಾಲಿಂಡೇಲ್ 2013ರಲ್ಲಿ ಮುಚ್ಚಿದ ಮೇಲೆ, ಯಾರ್ಕ್‌ಶೈರಿನ ಬಾಸ್ಟನ್ ಸ್ಪಾದಲ್ಲಿ 2015ರಲ್ಲಿ ಹೊಸ ಕಟ್ಟಡ ತೆರೆದರು. ಒಳಗೆ ಕತ್ತಲು, ತಂಪು. ಬೆಂಕಿಯೇ ಹತ್ತದಷ್ಟು ಕಡಿಮೆ ಆಮ್ಲಜನಕ, ಸಂಪುಟ ತೆಗೆದುಕೊಡಲು ರೋಬೋ. ಸ್ಕ್ಯಾನೂ ಆಗುತ್ತಿದೆ, ಕಾಗದವೂ ಇದೆ.

ಸ್ಕ್ಯಾನಿಂಗ್ ವಿರೋಧಿ ನಾನಲ್ಲ. ಆಸ್ಟ್ರೇಲಿಯಾದ 'ಟ್ರೋವ್'ನಲ್ಲಿ ಒಂದು ಹೆಸರು ಹುಡುಕಿದರೆ ನೂರೈವತ್ತು ವರ್ಷ ಹಿಂದಿನ ಹಳ್ಳಿಯ ಸುದ್ದಿಯೂ ಸಿಗುತ್ತದೆ. ಯಂತ್ರ ತಪ್ಪು ಓದಿದ್ದನ್ನು ಜನರೇ ಮನೆಯಲ್ಲಿ ಕೂತು, ಕೋಟಿಗಟ್ಟಲೆ ಸಾಲು, ತಿದ್ದಿದ್ದಾರೆ. ಕನ್ನಡದಲ್ಲಿ ಹೀಗೆ ಹುಡುಕುವುದು ಇನ್ನೂ ಕಷ್ಟ. ಸವೆದ ಮೊಳೆಯಲ್ಲಿ ಒತ್ತಕ್ಷರ ಮಸಿಯ ಚುಕ್ಕೆಯಾಗಿರುತ್ತದೆ, ದೀರ್ಘದ ಗುರುತು ಅಳಿಸಿರುತ್ತದೆ. 'ಮಂಗಳೂರ ಸಮಾಚಾರ'ದಂಥ ಕಲ್ಲಚ್ಚಿನಲ್ಲಂತೂ ಮೊಳೆಯೇ ಇಲ್ಲ, ಕೈಬರಹವನ್ನೇ ಕಲ್ಲಿಗಿಳಿಸಿದ್ದು. ಅಚ್ಚಿನ ಅಕ್ಷರಕ್ಕೆ ಪಳಗಿದ ಯಂತ್ರ ಅಲ್ಲಿ ತಡವರಿಸುತ್ತದೆ. ಯಂತ್ರ ಇವತ್ತು ಓದಲಾರದ್ದನ್ನು ಇನ್ನು ಹತ್ತು ವರ್ಷಕ್ಕೆ ಓದಬಹುದು, ಆದರೆ ಆಗ ಮತ್ತೆ ಸ್ಕ್ಯಾನ್ ಮಾಡಲು ಹಾಳೆ ಇರಬೇಕಲ್ಲ?

ಆ ಗ್ರಂಥಾಲಯಕ್ಕೆ ಮತ್ತೊಮ್ಮೆ ಹೋದಾಗ ಬೈಂಡುಗಳ ಕಪಾಟಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಿದ್ದವು. "ಎಲ್ಲಾ ಸ್ಕ್ಯಾನ್ ಆಯ್ತು ಸಾರ್, ಕಂಪ್ಯೂಟರ್‌ನಲ್ಲೇ ನೋಡಬಹುದು" ಅಂದರು ಅದೇ ಅಟೆಂಡರ್, ಖುಷಿಯಿಂದಲೇ. "ಬೈಂಡುಗಳು?" ಅಂದೆ. "ಜಾಗ ಇರ್ಲಿಲ್ವಲ್ಲ ಸಾರ್..."

ಕಂಪ್ಯೂಟರಿನ ಮುಂದೆ ಕೂತು 1956ರ ನವೆಂಬರ್ ತೆಗೆದೆ. ನಾನು ಓದಿದ್ದ ಪುಟ ಸಿಕ್ಕಿತು. ಬೈಂಡಿನ ಹೊಲಿಗೆಯ ಕಡೆ ಹಾಳೆ ಬಾಗಿದ್ದರಿಂದ ಎಡಗಡೆಯ ಕಾಲಂ ಪೂರ್ತಿ ನೆರಳು, ಪ್ರತಿ ಸಾಲಿನ ಮೊದಲ ನಾಲ್ಕೈದು ಅಕ್ಷರ ಕಾಣುವುದಿಲ್ಲ. ನನಗೆ ಬೇಕಾಗಿದ್ದ ಊರುಗಳ ವರದಿ ಇದ್ದದ್ದು ಅಲ್ಲೇ.

ಆವತ್ತು ಮೊಬೈಲಿನಲ್ಲಿ ಆ ಕಾಲಂನ ಒಂದು ಫೋಟೋ ತೆಗೆದಿದ್ದೆ. ಸೊಟ್ಟಗಿದೆ, ಒಂದು ಮೂಲೆಯಲ್ಲಿ ನನ್ನ ಹೆಬ್ಬೆರಳೂ ಬಂದಿದೆ. ಈಗ ಅದನ್ನು ಮೂರು ಕಡೆ ಕಾಪಿ ಮಾಡಿ ಇಟ್ಟುಕೊಂಡಿದ್ದೇನೆ.